ರೊಟ್ಟಿ ಸಪ್ಪಳ ನಿಂತ ಮನೆ

ಕಳೆದ ತಿಂಗಳು ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕೆಟ್ಟ ಸುದ್ದಿ ಹೇಳುವವರ ದನಿಯಲ್ಲಿ, “ಇನ್ನ ಮುಂದ ಅನ್ನ ಬಿಡಬೇಕಾಗ್ತದ ನೋಡ್ರಿ ಸರ” ಎಂದರು. ನಾನು “ಭಾಳ ಛಲೋ ಆತ್ರಿ” ಎಂದುಬಿಟ್ಟೆ. ಅವರಿಗೆ ಗಾಬರಿಯಾಯಿತು. ಅನ್ನ ಬಿಡಿ ಎಂದರೆ ಭಾನುವಾರ ಒಂದು ದಿನ ಉಣ್ಣಬಹುದೇ, ಹಬ್ಬಕ್ಕೆ ಚಿತ್ರಾನ್ನ ನಡೆದೀತೇ ಎಂದು ಚೌಕಾಶಿಗೆ ಇಳಿಯುವವರನ್ನೇ ಅವರು ನೋಡಿದ್ದು. ನಾನೋ, “ಪೂರ್ತಿ ಬಿಟ್ಟರೂ ನಡೀತೈತಲ್ರೀ? ಜ್ವಾಳದ ರೊಟ್ಟಿ ತಿನ್ನಬಹುದಲ್ರೀ?” ಎಂದು ಕೇಳುತ್ತಿದ್ದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಅವರಿಗೆ ಸಮಾಧಾನ ಹೇಳಿದಳು. “ಇವರಿಗೂ ಅನ್ನಕ್ಕೂ ಹಳೇ ಜಗಳ ಐತ್ರಿ. ನೀವೇನ ಮನಸಿಗೆ ಹಚ್ಚಿಕೋಬ್ಯಾಡ್ರಿ.”

ಜಗಳ ಹಳೆಯದೇ. ಅದರ ಮೂಲ ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಓಣಿಯಲ್ಲಿದೆ. ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಅಲ್ಲಿಯವರೆಗೆ ಒಂದು ಸಹಿ ಬೇಕಾದರೂ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ, ಸಾಹೇಬರಿಲ್ಲ ಎಂದು ಹೇಳಿಸಿಕೊಂಡು, ಪೇಢೆ ಕಟ್ಟಿಸಿಕೊಂಡು ಬರುತ್ತಿದ್ದ ನಮಗೆ, ಸಾಹೇಬರಿಲ್ಲ ಎಂದು ಹೇಳಿಸಿಕೊಳ್ಳುವ ಅನುಕೂಲ ಈಗ ನಮ್ಮೂರಲ್ಲೇ ಆಗಿತ್ತು. ಎಲ್ಲಿ ನೋಡಿದರೂ ಬಣ್ಣ ಆರದ ಬೋರ್ಡು. ಫೈಲು ಹಿಡಿದ ಹೊಸ ಮುಖಗಳು ಓಣಿ ಓಣಿ ತಿರುಗಿ, ಮನೆಯಲ್ಲಿ ಎಷ್ಟು ಜನ, ಮಗ್ಗ ಇದೆಯೇ, ನಲ್ಲಿ ಇದೆಯೇ ಎಂದು ಕೇಳಿ ಬರೆದುಕೊಂಡು ಹೋಗುತ್ತಿದ್ದವು. ಯಾರು ಯಾವ ಇಲಾಖೆಯವರು ಎಂಬುದು ಓಣಿಯವರಿಗೆ ತಿಳಿಯುತ್ತಿರಲಿಲ್ಲ. ಪ್ಯಾಂಟು ಇಸ್ತ್ರಿಯಾಗಿದ್ದರೆ ಅವರು ಸಾಹೇಬರು, ಅಷ್ಟೇ.

ನಾನು ಆಗ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಹೊಸ ಮೇಷ್ಟ್ರು. ಹೊಸ ಮೇಷ್ಟ್ರ ಉತ್ಸಾಹ ಎಂಥದೆಂದು ನಿಮಗೆ ಗೊತ್ತು. ಹಿರೇಹಂದಿಗೋಳದಲ್ಲಿ ಕಾಲೇಜು ಹುಡುಗರ ಶಿಬಿರವಿತ್ತು, ಅದರಲ್ಲಿ ಹಸಿವಿನ ವಿಷಯ ಮಾತಾಡಿ ಎಂದು ಪ್ರಿನ್ಸಿಪಾಲರು ಹೇಳಿದರು. ಭಾಷಣ ಬರೆಯಲು ಕುಳಿತೆ. ಪಕ್ಕದಲ್ಲಿ ಅವ್ವ ತಂದಿಟ್ಟ ಶೇಂಗಾ ಉಂಡಿ. ಮೊದಲ ವಾಕ್ಯ ಬರೆಯುವಷ್ಟರಲ್ಲಿ ತಾಟು ಖಾಲಿಯಾಗಿತ್ತು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಶಿಬಿರಕ್ಕೆ ಇನ್ನೂ ಒಂದು ತಿಂಗಳಿತ್ತು. ಆ ತಿಂಗಳು ಪೂರ್ತಿ ರೇಷನ್ ಅಂಗಡಿಯಲ್ಲಿ ಕಾರ್ಡಿಗೆ ಕೊಡುವ ಕಾಳಿನಲ್ಲೇ ಊಟ ಮಾಡುತ್ತೇನೆ, ಹಸಿವು ಎಂದರೇನೆಂದು ತಿಳಿದುಕೊಂಡೇ ಮಾತಾಡುತ್ತೇನೆ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ.

ಅವ್ವ ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣೆತ್ತಲಿಲ್ಲ. “ಹಸಿವು ಏನ ಕಲಿಯೂದಲೇ? ಯಾರರ ಕಲಿಸಿದ್ರ ಬರೂದನ ಅದು?” ಎಂದಳು.

ನಮ್ಮದು ನೇಕಾರರ ಮನೆ. ಅಪ್ಪ ಮಗ್ಗ ಬಿಟ್ಟು ಗದಗಿನ ಬಟ್ಟೆ ಅಂಗಡಿಯೊಂದಕ್ಕೆ ಸೇರಿ ಬಹಳ ವರ್ಷವಾಗಿತ್ತು. ಕಾರ್ಡು ಮಾತ್ರ ಹಾಗೇ ಉಳಿದಿತ್ತು. ಅದರ ಅಕ್ಕಿ ದೋಸೆಗೆ, ಹಪ್ಪಳಕ್ಕೆ ಹೋಗುತ್ತಿತ್ತೇ ಹೊರತು ಅದನ್ನು ಅನ್ನ ಮಾಡಿ ಉಣ್ಣುವ ಯೋಚನೆ ಯಾರಿಗೂ ಬಂದಿರಲಿಲ್ಲ. ನಮ್ಮ ಕಡೆ ಅನ್ನ ಎಂದರೆ ಹಬ್ಬದ್ದು, ಇಲ್ಲವೇ ಜ್ವರ ಬಂದವರದ್ದು. ದಿನದ ಊಟವೆಂದರೆ ರೊಟ್ಟಿ.

ಈ ವ್ರತ ನನ್ನೊಬ್ಬನದೇ ಎಂದುಕೊಂಡಿದ್ದೆ. ಮರುದಿನ ನೋಡಿದರೆ ಎಲ್ಲರ ತಾಟಿನಲ್ಲೂ ಅನ್ನ. ಕೇಳಿದ್ದಕ್ಕೆ ಅವ್ವ, “ಮಗ ಅನ್ನ ನುಂಗೂ ಮುಂದ ಎದುರಿಗೆ ಕುಂತು ನಾವು ರೊಟ್ಟಿ ಮುರಿಯೂದು ಹೆಂಗಪಾ?” ಎಂದಳು. ಅಪ್ಪ ತನ್ನ ಪಾಲಿನ ಅನ್ನ ಉಂಡು ಎದ್ದ. ಅವನು ಮಧ್ಯಾಹ್ನಗಳಲ್ಲಿ ಅಂಗಡಿಯ ಹಿಂದಿನ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ಹೊಡೆಯುತ್ತಿದ್ದನೆಂದು ಗೊತ್ತಾದದ್ದು ಆಮೇಲೆ. ನನ್ನ ತಂಗಿ ಸರೋಜಾ ಮಾತ್ರ ಅನ್ನ ಕಲಸುತ್ತ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಅವಳಿಗೆ ಆಗ ಲಕ್ಷ್ಮೇಶ್ವರದ ಕಡೆಯ ಒಂದು ಸಂಬಂಧದ ಮಾತು ನಡೆದಿತ್ತು. ಹುಡುಗ ಮುಂಡರಗಿಯಲ್ಲಿ ಸಾಲಿ ಮಾಸ್ತರ. ಬಂದು ನೋಡಿ ಹೋಗಿದ್ದ. ಹೋಗುವಾಗ ಹೊಸ್ತಿಲಲ್ಲಿ ತಿರುಗಿ ನೋಡಿದ್ದನ್ನು ಸರೋಜಾ ಒಬ್ಬೊಬ್ಬರನ್ನೇ ಕರೆದು ಹೇಳಿದ್ದಳು. ಹಿಂದಿನ ಎರಡು ಸಂಬಂಧಗಳು ಕೂಡಿ ಬಂದಿರಲಿಲ್ಲ. ಇದಾದರೂ ಆಗಲಿ ಎಂದು ಅವ್ವ ಹರಕೆ ಹೊರುವುದೊಂದು ಬಾಕಿ.

ನನ್ನ ವ್ರತಕ್ಕೆ ನಿಯಮಗಳಿದ್ದವು, ನಿಯಮಗಳಿಗೆ ತಿದ್ದುಪಡಿಗಳಿದ್ದವು. ಉಪ್ಪು, ಖಾರ, ಉಳ್ಳಾಗಡ್ಡಿ ಎಲ್ಲರ ಮನೆಯಲ್ಲೂ ಇರುತ್ತವೆ ಎಂದು ಒಳಗೆ ಬಿಟ್ಟೆ. ಕಾರ್ಡಿಗೆ ಸಕ್ಕರೆ ಕೊಡುತ್ತಾರೆಂದರೆ ಅದು ಚಹಾಕ್ಕಲ್ಲದೆ ಮತ್ತೇನಕ್ಕೆ, ಆದ್ದರಿಂದ ಚಹಾಪುಡಿಗೂ ಸರ್ಕಾರದ ಒಪ್ಪಿಗೆ ಇದ್ದಂತೆಯೇ ಎಂದು ವಾದಿಸಿ ಗೆದ್ದೆ. ವಾದಿ, ಪ್ರತಿವಾದಿ, ನ್ಯಾಯಾಧೀಶ ಮೂವರೂ ನಾನೇ. ಶೇಂಗಾ ಚಟ್ನಿಯ ಅರ್ಜಿಯನ್ನು ಮಾತ್ರ ಕಲ್ಲು ಮನಸ್ಸು ಮಾಡಿ ತಳ್ಳಿಹಾಕಿದೆ. ಕಾರ್ಡಿನ ಗೋಧಿಯಲ್ಲಿ ಅವ್ವ ಒಮ್ಮೊಮ್ಮೆ ಚಪಾತಿ ಲಟ್ಟಿಸುತ್ತಿದ್ದಳು. ಅವು ಒಂದೆರಡು ತಾಟು ತುಂಬುವಷ್ಟರಲ್ಲಿ ಮುಗಿದುಹೋಗುತ್ತಿದ್ದವು.

ಮೊದಮೊದಲು ತಮಾಷೆಯಾಗಿಯೇ ಇತ್ತು. ಆಮೇಲೆ ಹೊಟ್ಟೆ ತನ್ನ ಮಾತು ಶುರುಮಾಡಿತು. ಅನ್ನ ಹೊಟ್ಟೆ ತುಂಬಿಸುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಗಡದ್ದಾಗಿ ಉಂಡು ಹೊರಟರೆ ಕಾಲೇಜಿನ ಗೇಟು ದಾಟುವಷ್ಟರಲ್ಲಿ ಒಳಗೆಲ್ಲ ಬರಿದು. ಬೇಡಿಕೆ ಎಂದರೇನು ಎಂದು ಹುಡುಗರಿಗೆ ಪಾಠ ಮಾಡುತ್ತ, ಉದಾಹರಣೆಗೆ ಒಂದು ತಟ್ಟೆ ಮಿರ್ಚಿ ಭಜಿ ಎಂದು ಶುರುಮಾಡಿ ಅಲ್ಲೇ ನಿಂತುಬಿಟ್ಟೆ. ಹುಡುಗರು ಕಾದರು. ಸಂಜೆ ಸ್ಟೇಶನ್ ರಸ್ತೆಯಲ್ಲಿ ಭಜಿ ಕರಿಯುವ ಬಂಡಿಗಳು ಸಾಲಾಗಿ ನಿಲ್ಲುತ್ತಿದ್ದವಲ್ಲ, ಅವುಗಳ ಎದುರು ಹಾಯಲಾರದೆ ಸುತ್ತು ಹೊಡೆದು ಮನೆ ಸೇರುತ್ತಿದ್ದೆ. ಹಾಗಂತ ಜಂಬಕ್ಕೇನೂ ಕಡಿಮೆಯಿರಲಿಲ್ಲ. ಯಾರಾದರೂ “ಯಾಕ್ರೀ ಸರ, ಇಳಿದೀರಲ್ಲ?” ಎಂದರೆ ಸಾಕು, ಅವರನ್ನು ಹಿಡಿದು ನಿಲ್ಲಿಸಿ ದೇಶದ ಬಡತನವನ್ನೆಲ್ಲ ವಿವರಿಸಿ ಕಳಿಸುತ್ತಿದ್ದೆ. ಕೆಲವರು ನನ್ನನ್ನು ಕಂಡು ರಸ್ತೆಯ ಆಚೆ ಬದಿಗೆ ದಾಟತೊಡಗಿದರು.

ಆದರೆ ನಾನು ಗಮನಿಸದೇ ಇದ್ದ ಸಂಗತಿಯೊಂದನ್ನು ಓಣಿ ಮೊದಲ ದಿನವೇ ಗಮನಿಸಿತ್ತು. ನಮ್ಮ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿರಲಿಲ್ಲ.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಓಣಿಯಲ್ಲಿ ಮನೆಗೂ ಮನೆಗೂ ಒಂದೇ ಗೋಡೆ. ಬೆಳಗಾದರೆ ಪ್ರತಿ ಮನೆಯಲ್ಲೂ ಹೆಂಗಸರು ಕಲ್ಲಿನ ಮೇಲೆ ಜೋಳದ ಹಿಟ್ಟಿನ ಮುದ್ದೆಯಿಟ್ಟು ಅಂಗೈಯಿಂದ ಬಡಿದು ಬಡಿದು ರೊಟ್ಟಿ ಅಗಲ ಮಾಡುವವರೇ. ಆ ಟಪಟಪ ಸಪ್ಪಳಕ್ಕೆ ನಾವು ಮಕ್ಕಳು ಏಳುತ್ತಿದ್ದೆವು. ಹಾಸಿಗೆಯಲ್ಲಿ ಮಲಗಿಕೊಂಡೇ ಇದು ಯಾರ ಕೈ ಎಂದು ಹೇಳುವ ಆಟ ನಮ್ಮದು. ನಮ್ಮವ್ವನದು ಜಲ್ದಿ ಕೈ, ಮಳೆ ಹಿಡಿದ ಹಾಗೆ. ಪಕ್ಕದ ಮನೆ ಹಸೀನಾ ಚಾಚಿಯದು ನಿಧಾನ, ನಡುನಡುವೆ ಬಳೆ ಸದ್ದು. ಮೂಲೆ ಮನೆಯ ಮುದುಕಿಯದು ಸಿಟ್ಟಿನ ಕೈ. ಸೊಸೆಯ ಮೇಲಿನ ಕೋಪವೆಲ್ಲ ರೊಟ್ಟಿಯ ಮೇಲೆ, ಹಾಗಾಗಿ ಅವರ ಮನೆಯ ರೊಟ್ಟಿ ಓಣಿಗೇ ತೆಳ್ಳಗೆ. ಒಂದು ಮನೆಯಲ್ಲಿ ಆ ಸಪ್ಪಳ ನಿಂತಿತೆಂದರೆ ಅಲ್ಲಿ ಸಾವಾಗಿದೆ, ಇಲ್ಲವೇ ಯಾರೋ ಬಹಳ ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥ. ಆಗ ಉಳಿದ ಮನೆಗಳಿಂದ ರೊಟ್ಟಿ, ಪಲ್ಯೆ ಅಲ್ಲಿಗೆ ಹೋಗುತ್ತಿದ್ದವು.

ಹೀಗಾಗಿ ಹಸೀನಾ ಚಾಚಿ ಒಂದು ಬೆಳಿಗ್ಗೆ ಸೆರಗಿನಡಿ ರೊಟ್ಟಿಯ ಬುಟ್ಟಿ ಹಿಡಿದು ಬಂದಳು. ಅವಳ ಗಂಡ ಬಜಾರದಲ್ಲಿ ಕೊಡೆ, ಬೀಗ ರಿಪೇರಿ ಮಾಡುವವನು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರಲ್ಲಿ ಅವಳೂ ಒಬ್ಬಳು.

“ಶಾಂತಕ್ಕಾ, ಯಾರಿಗೆ ಆರಾಮಿಲ್ಲ?” ಎಂದಳು.

“ಎಲ್ಲಾರೂ ಆರಾಮ ಅದೀವಿ ತಗೋ,” ಎಂದಳು ಅವ್ವ.

“ಮತ್ತ ಹಂಚು ಯಾಕ ಏರಸವಲ್ಲಿ?”

“ನಮ್ಮ ಹುಡುಗ ಹಸಿವು ಕಲಿಯಾಕ ಹತ್ತ್ಯಾನ. ಕಾರ್ಡಿನ ಅಕ್ಕಿ ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ ಅಂತಾನ. ಅದಕ್ಕ.”

ಚಾಚಿ ಕಣ್ಣಲ್ಲಿ ನೀರು ತಂದುಕೊಂಡು, “ನನ್ನ ಮುಂದನೂ ಮುಚ್ಚಿಡ್ತೀ ಏನಕ್ಕಾ?” ಎಂದು ಬುಟ್ಟಿಯನ್ನು ಅಲ್ಲೇ ಇಟ್ಟು ಹೋದಳು. ಖರೆ ಹೇಳಿದ್ದೇ ತಪ್ಪಾಯಿತು. ಸಂಬಳ ತರುವ ಮೇಷ್ಟ್ರ ಮನೆಯವರು ಬೇಕೆಂದೇ ರೇಷನ್ ಅಕ್ಕಿ ಉಣ್ಣುತ್ತಾರೆಂದರೆ ಯಾರು ನಂಬುತ್ತಾರೆ? ಅಪ್ಪನ ಕೆಲಸ ಹೋಯಿತು ಎಂದರು ಕೆಲವರು. ಮಗ ಚೀಟಿ ವ್ಯವಹಾರದಲ್ಲಿ ಕೈ ಸುಟ್ಟುಕೊಂಡ ಎಂದರು ಇನ್ನು ಕೆಲವರು. ನಾನು ಇಳಿದುಹೋದದ್ದೂ, ಭಜಿ ಬಂಡಿ ಬಿಟ್ಟು ಸುತ್ತು ಹೊಡೆಯುವುದೂ ಸಾಲಗಾರರಿಗೆ ಹೆದರಿ ಎಂದು ಸಾಬೀತಾಯಿತು. ಬುಟ್ಟಿಯ ರೊಟ್ಟಿಯನ್ನು ನಾನು ಮುಟ್ಟಲಿಲ್ಲ. ಸರೋಜಾ ಹಿತ್ತಲಲ್ಲಿ ಕುಳಿತು ಒಂದೂ ಬಿಡದೆ ತಿಂದಳು.

ಅಷ್ಟರಲ್ಲಿ ಹುಡುಗನ ಸೋದರಮಾವ ನಮ್ಮ ಓಣಿಗೆ ಬಂದರು. ಸಂಬಂಧ ಗಟ್ಟಿ ಮಾಡುವ ಮೊದಲು ಆ ಕಡೆಯವರೊಬ್ಬರು ಗುರುತು ಹೇಳದೆ ಬಂದು, ಅಕ್ಕಪಕ್ಕದವರಲ್ಲಿ ಮನೆತನ ವಿಚಾರಿಸಿ ಹೋಗುವುದು ನಮ್ಮಲ್ಲಿ ಪದ್ಧತಿ. ಅವರು ಹಸೀನಾ ಚಾಚಿಯ ಬಾಗಿಲಲ್ಲಿ ನಿಂತು ಕುಡಿಯಲು ನೀರು ಕೇಳಿ, ಪಕ್ಕದ ಮನೆಯವರು ಹೇಗೆ ಎಂದು ಮಾತು ತೆಗೆದರು. ಇಸ್ತ್ರಿ ಪ್ಯಾಂಟು, ಕಂಕುಳಲ್ಲಿ ಚೀಲ. ಹೊಸ ಜಿಲ್ಲೆಯ ಸಾಹೇಬರು, ಬಡವರ ಪಟ್ಟಿ ಬರೆಯಲು ಬಂದಿದ್ದಾರೆ ಎಂದುಕೊಂಡಳು ಚಾಚಿ. ಗೆಳತಿಯ ಮನೆಗೆ ಏನಾದರೂ ಸಿಗಲಿ ಎಂಬ ಆಸೆಯಿಂದ, ಇದ್ದದ್ದಕ್ಕೆ ಇನ್ನಷ್ಟು ಸೇರಿಸಿದಳು. “ಭಾಳ ತ್ರಾಸಿನ್ಯಾಗ ಅದಾರ್ರಿ ಸಾಹೇಬ್ರ. ಹಂಚು ಒಲಿ ಮ್ಯಾಲೆ ಏರಲಾರದ ಎಷ್ಟ ದಿನ ಆತು! ಕೇಳಿದ್ರ ಮರ್ಯಾದಿಗೆ ಅಂಜಿ ಏನೇನರ ಕತಿ ಹೇಳ್ತಾರ. ಬೆಳದ ಹುಡುಗಿ ಬ್ಯಾರೆ ಮನ್ಯಾಗ. ಅವರದ ಹೆಸರ ಮೊದಲ ಬರಕೊಳ್ರಿ.”

ಸೋದರಮಾವ ಎಲ್ಲವನ್ನೂ ಮನಸ್ಸಿನಲ್ಲಿ ಬರೆದುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದರು.

ಸಂಬಂಧ ತಂದಿದ್ದ ಮಧ್ಯಸ್ಥರು ಬಂದು, “ಅವರು ಒಂದೀಟು ನಿಧಾನ ಮಾಡೂಣು ಅಂತಾರ” ಎಂದು ಹೇಳಿ, ಚಹಾ ಕುಡಿಯದೆ ಎದ್ದು ಹೋದರು. ಚಹಾ ಬಿಟ್ಟು ಹೋದರೆಂದರೆ ವಿಷಯ ಕೆಟ್ಟಿದೆ ಎಂದೇ ಲೆಕ್ಕ. ಅವರು ಓಣಿಯ ತಿರುವಿನಲ್ಲಿ ಚಾಚಿಯ ಗಂಡನ ಮುಂದೆ ಬಾಯಿ ಬಿಟ್ಟಿದ್ದರಿಂದ ನಮಗೆ ನಡೆದದ್ದೆಲ್ಲ ತಿಳಿಯಿತು. ಚಾಚಿ ನಮ್ಮ ಪಡಸಾಲೆಯಲ್ಲಿ ಕುಳಿತು ಹಣೆ ಬಡಿದುಕೊಂಡಳು. ಅವ್ವ ಅವಳನ್ನು ಸಮಾಧಾನ ಮಾಡಿದಳೇ ಹೊರತು ಒಂದು ಕಟು ಮಾತು ಆಡಲಿಲ್ಲ. ಕಟು ಮಾತು ಆಡಿದವಳು ಸರೋಜಾ, ಅದೂ ನನಗೆ. “ನಿನ್ನ ಭಾಷಣಕ್ಕ ನನ್ನ ಮದವಿ ಬೇಕಾಗಿತ್ತೇನೋ ಅಣ್ಣಾ?” ಎಂದಳು. ಆಮೇಲೆ ಮಾತು ಬಿಟ್ಟಳು. ನನಗೆ ಅನ್ನವೂ ಇಳಿಯದಂತಾಯಿತು. ಲಕ್ಷ್ಮೇಶ್ವರಕ್ಕೆ ನಾನೇ ಹೋಗಿ ಇದ್ದದ್ದನ್ನು ಹೇಳಿಬಿಡುತ್ತೇನೆ ಎಂದು ಎದ್ದರೆ ಅಪ್ಪ ತಡೆದ. “ಈಗ ಬರೇ ಬಡವರು ಅಂದಾರ. ನೀ ಹೋಗಿ ಹೇಳಿದ್ರ ಹುಡುಗಿ ಅಣ್ಣಗ ತಲಿ ಸರಿಯಿಲ್ಲ ಅಂತಾರ,” ಎಂದ. ಆ ತಿಂಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು.

ಒಂದು ಬೆಳಿಗ್ಗೆ ಹುಡುಗನ ತಾಯಿಯೇ ಬಂದುಬಿಟ್ಟರು. ಪಾರವ್ವ ಎಂದು ಅವರ ಹೆಸರು. ಜೊತೆಗೆ ಯಾರೂ ಇಲ್ಲ, ಮುಂಚೆ ಹೇಳಿ ಕಳಿಸಿದ್ದೂ ಇಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಪಡಸಾಲೆಯಲ್ಲಿ ಹಾಸಿದ ಜಮಖಾನೆಯನ್ನು ದಾಟಿ ನೆಟ್ಟಗೆ ಅಡುಗೆಮನೆಗೇ ನಡೆದರು. ಅಲ್ಲಿ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಮೂಲೆಯಲ್ಲಿ ಜೋಳದ ಚೀಲಗಳು ಒಂದರ ಮೇಲೊಂದು ಕುಳಿತಿದ್ದವು. ಪಾರವ್ವನವರು ಚೀಲವನ್ನು ಕೈಯಿಂದ ಒತ್ತಿ ನೋಡಿದರು. ಸರೋಜಾ ಗೋಡೆಗೆ ಅಂಟಿ ನಿಂತಿದ್ದಳು. ಅವಳ ಮುಖ ನೋಡಲಾಗಲಿಲ್ಲ ನನಗೆ.

“ಜ್ವಾಳ ಇಟಗೊಂಡು ಅನ್ನ ಯಾಕ ಕುದಸಾಕ ಹತ್ತೀರಿ?” ಎಂದು ಕೇಳಿದರು.

ಇನ್ನು ಬಚ್ಚಿಡುವುದೇನು. ತಲೆತಗ್ಗಿಸಿ ನಿಂತು ನಾನೇ ಎಲ್ಲವನ್ನೂ ಹೇಳಿದೆ. ಶಿಬಿರ, ಭಾಷಣ, ಕಾರ್ಡು, ಚಹಾಪುಡಿಯ ತಿದ್ದುಪಡಿ. ಹೇಳುತ್ತ ಹೋದ ಹಾಗೆ ಅದು ನನಗೇ ಹುಚ್ಚುತನವಾಗಿ ಕೇಳಿಸಿತು. ಪಾರವ್ವನವರು ಬಾಯಿಗೆ ಸೆರಗು ಹಚ್ಚಿದರು. ಹೆಗಲು ಅಲುಗಾಡತೊಡಗಿದವು. ಅಳುತ್ತಿದ್ದಾರೆಂದು ಅವ್ವ ಗಾಬರಿಯಾದಳು. ನೋಡಿದರೆ ನಗು. ನಕ್ಕು ನಕ್ಕು ಜೋಳದ ಚೀಲದ ಮೇಲೇ ಕುಳಿತರು.

“ನನ್ನ ತಮ್ಮ ಬಂದು ಹೇಳಿದ ನೋಡ್ರಿ,” ಎಂದು ಅವ್ವನಿಗೆ ಹೇಳತೊಡಗಿದರು. “ಅವರ ಮನ್ಯಾಗ ರೊಟ್ಟಿ ಸಪ್ಪಳನ ಇಲ್ಲ, ಉಪಾಸ ಬಿದ್ದಾರ, ಈ ಸಂಬಂಧ ಬ್ಯಾಡ ಅಂದ. ನಾ ಅಂದೆ, ಹುಚ್ಚಪ್ಪಾ, ಖರೇನ ಉಪಾಸ ಇದ್ರ ಸಪ್ಪಳ ನಿಂದರತಿತ್ತೇನು? ನಾವು ಸಣ್ಣವರಿದ್ದಾಗ ಹಿಟ್ಟು ಇಲ್ಲದ ದಿನ ನಮ್ಮವ್ವ ಬರೇ ಕಲ್ಲು ಬಡೀತಿದ್ಲು. ಓಣಿ ಮಂದಿಗೆ ಗೊತ್ತಾಗಬಾರದಂತ. ಸಪ್ಪಳ ನಿಂತೈತಿ ಅಂದ್ರ ಅದು ಬಡತನ ಅಲ್ಲ, ಬ್ಯಾರೆ ಏನೋ ಐತಿ, ನೋಡೇ ಬರ್ತೀನಿ ಅಂತ ಬಂದೆ.”

ಅವ್ವ ಅನ್ನದ ಪಾತ್ರೆಯನ್ನು ಕೆಳಗಿಳಿಸಿದಳು. “ನಿಮ್ಮವ್ವನೂ ಬಡೀತಿದ್ರ?” ಎಂದಳು, ಬಹಳ ಮೆಲ್ಲಗೆ. “ನಾನೂ ಬಡದೀನ್ರಿ. ಇದ ಮನ್ಯಾಗ. ಮಗ್ಗ ನಿಂತಾಗ.”

ಪಾರವ್ವನವರು ಎದ್ದು ಬಂದು ಅವ್ವನ ಎರಡೂ ಕೈ ಹಿಡಿದುಕೊಂಡು, “ಹುಡುಗಿ ನಮ್ಮಾಕಿ ಆದ್ಲು ತಿಳೀರಿ,” ಎಂದರು. ನನ್ನ ಕಡೆ ತಿರುಗಿ, “ತಮ್ಮಾ, ಮದವಿ ಊಟದಾಗ ಮಾತ್ರ ಏನೂ ಕಲಿಯಾಕ ಹೋಗಬ್ಯಾಡ ನೋಡು,” ಎಂದರು.

ಗೋಡೆಯಾಚೆ ಕಿವಿ ಕೊಟ್ಟು ನಿಂತಿದ್ದ ಹಸೀನಾ ಚಾಚಿ ಕರೆಯದೆಯೇ ಪರಾತ ತುಂಬ ಜೋಳದ ಹಿಟ್ಟು ಹಿಡಿದು ಓಡಿ ಬಂದಳು. ನಮ್ಮಲ್ಲಿ ಜೋಳವಿತ್ತೇ ಹೊರತು ಬೀಸಿದ ಹಿಟ್ಟಿರಲಿಲ್ಲ. ಅವ್ವ ಕಲ್ಲು ತೊಳೆದು ಕುಳಿತಳು. ಸರೋಜಾ ಒಲೆಗೆ ಹಂಚು ಏರಿಸಿ, ನಾಚಿಕೆ ಮರೆತು ಎಲ್ಲರೆದುರು ನಕ್ಕಳು. ಆ ನಗು ನೋಡಿ ನನ್ನ ಎದೆಯ ಮೇಲಿಂದ ಯಾರೋ ಜೋಳದ ಚೀಲ ಇಳಿಸಿದಂತಾಯಿತು. ಮೊದಲ ರೊಟ್ಟಿ ಪಾರವ್ವನವರಿಗೆ, ಎರಡನೆಯದು ಚಾಚಿಗೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಣ್ಣೆ, ಚಟ್ನಿಯ ವಾಸನೆ ಕುಡಿಯುತ್ತಿದ್ದೆ. ಶಿಬಿರದ ಭಾಷಣ ನೆನಪಿಗೇ ಬರಲಿಲ್ಲ.

ಬೀಗತಿಯನ್ನು ಬಸ್ಸಿಗೆ ಕೂಡಿಸಿ ಬಂದ ಮೇಲೆ ಅವ್ವನ ಎದುರು ತಾಟು ಹಾಕಿಕೊಂಡು ಕುಳಿತೆ. ಕೇಳದೆ ಇರಲಾಗಲಿಲ್ಲ.

“ಮಗ್ಗ ನಿಂತಾಗ ಅಂದಿಯಲ್ಲ ಅವ್ವಾ, ಆಗ ನಾನು ಇದ್ನೇನು?”

“ಇರದ ಎಲ್ಲಿ ಹೋಗ್ತಿ? ಸಾಲಿಗೆ ಹೋಗಾಕ ಹತ್ತಿದ್ದಿ.”

ಆಗ ನೆನಪಾಯಿತು. ಹಾಸಿಗೆಯಲ್ಲಿ ಮಲಗಿ ಅವ್ವನ ಜಲ್ದಿ ಕೈ ಕೇಳಿಸಿಕೊಂಡು, ಬಾಯಲ್ಲಿ ನೀರು ತುಂಬಿ ಎದ್ದು ಬಂದರೆ, ಅವ್ವ ಗಂಜಿಯ ಬಟ್ಟಲು ಮುಂದಿಡುತ್ತಿದ್ದ ಬೆಳಗುಗಳು. ರೊಟ್ಟಿ ಎಲ್ಲಿ ಎಂದರೆ, ಅಪ್ಪನಿಗೆ ಬುತ್ತಿ ಕಟ್ಟಿ ಕಳಿಸಿದೆ, ನೀನು ಇದನ್ನು ಕುಡಿದು ಸಾಲಿಗೆ ಓಡು ಎನ್ನುತ್ತಿದ್ದಳು. ಆ ಬುತ್ತಿಯ ಮೇಲೆ ನನಗೆಷ್ಟು ಹೊಟ್ಟೆಕಿಚ್ಚಿತ್ತು! ದೊಡ್ಡವನಾದ ಮೇಲೆ ಅಪ್ಪನಂತೆ ದಿನಾ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತೇನೆ ಎಂದು ಸರೋಜಾಳ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಆ ಅಪ್ಪ ಕೆಲಸ ಹುಡುಕುತ್ತ ಬರಿಗೈಯಲ್ಲಿ ಹೋಗಿ, ಬರಿಹೊಟ್ಟೆಯಲ್ಲಿ ಬಂದವನು.

“ನನಗ ಗೊತ್ತ ಆಗಲಿಲ್ಲಲ್ಲ ಅವ್ವಾ,” ಎಂದೆ.

“ಗೊತ್ತಾಗಬಾರದಂತನ ಬಡೀತಿದ್ದೆ,” ಎಂದಳು ಅವ್ವ. “ಮಂದಿಗೆ ಗೊತ್ತಾದ್ರ ಆಗ್ಲಿ ಬಿಡು ಅನಸ್ತಿತ್ತು. ನೀವಿಬ್ಬರು ಏಳೂ ಮುಂದ ಸಪ್ಪಳ ಕೇಳಬೇಕಿತ್ತು.”

ನನಗೆ ಅಳು ಬಂತು. ಅಳುವಿನ ಒಳಗೇ ಎಂಥದೋ ನಿರಾಳ. ಅವ್ವ ಹಂಚಿನಿಂದ ರೊಟ್ಟಿ ಎತ್ತಿ ನನ್ನ ತಾಟಿಗೆ ಹಾಕಿದಳು. ಅದರ ಹಬೆ ಮುಖಕ್ಕೆ ಬಡಿಯಿತು. ನಾನು ಮುರಿದು ಬಾಯಿಗಿಟ್ಟುಕೊಳ್ಳುವವರೆಗೂ ಅವಳು ಮುಂದಿನ ಮುದ್ದೆಗೆ ಕೈ ಹಾಕದೆ ನೋಡುತ್ತ ಕುಳಿತಿದ್ದಳು.